ಲಕ್ಷ್ಯ ಕೊಡದ ಮನೆ

ನಾಲ್ಕು ಗಂಟೆ ನಲವತ್ತು ನಿಮಿಷ. ಮಳೆ ಹಿಡಿದ ಮೂರನೆಯ ದಿನದ ಸಂಜೆ. ಸಿರುಗುಪ್ಪದ ನಮ್ಮ ಮನೆಯ ನಡುತೊಲೆಯ ಪಕ್ಕದಿಂದ ಒಂದು ಹಿಡಿ ಮಣ್ಣು ಜಾರಿ, ಕೆಳಗೆ ಚಾಪೆಯ ಮೇಲೆ ಜ್ವರದಿಂದ ಮಲಗಿದ್ದ ರತ್ನಳ ತಲೆದಿಂಬಿನಿಂದ ಗೇಣು ದೂರಕ್ಕೆ ಬಿತ್ತು. ರತ್ನ ನನ್ನ ಚಿಕ್ಕಪ್ಪನ ಮಗಳು. ಅವಳಿಗೆ ಆಗ ಏಳು ವರ್ಷ, ನನಗೆ ಹತ್ತು. ನಾನು ಪಡಸಾಲೆಯ ಈ ಬದಿಯಲ್ಲಿ ಗೋಡೆಗೆ ಒರಗಿ ಶಾಲೆಯ ಮನೆಗೆಲಸ ಬರೆಯುತ್ತಿದ್ದೆ. ಸದ್ದು ದೊಡ್ಡದೇನಲ್ಲ, ಮೊರದಿಂದ ಅಕ್ಕಿ ಜಾರಿಸಿದಷ್ಟು. ತಲೆ ಎತ್ತಿದೆ, ತೊಲೆ ನೋಡಿದೆ, ಮಣ್ಣು ನೋಡಿದೆ, ಗಡಿಯಾರ ನೋಡಿದೆ, ಮತ್ತೆ ತಲೆ ತಗ್ಗಿಸಿದೆ. ಅಲ್ಲಿಂದ ಅರ್ಧ ಗಂಟೆಯವರೆಗೆ ನಾನು ಅವಳ ಹತ್ತಿರ ಹೋಗಲಿಲ್ಲ. ಆ ಅರ್ಧ ಗಂಟೆಯನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ನಾಲ್ಕು ನಲವತ್ತೊಂದಕ್ಕೆ ಎದ್ದು ನಿಲ್ಲುತ್ತೇನೆ. ಎದ್ದು ನಿಂತ ಮೇಲೆ ಗೊತ್ತಾಗುತ್ತದೆ, ನಾನು ಎದ್ದೇ ಇಲ್ಲ.

ಆ ಗಡಿಯಾರ ನಮ್ಮದಾಗಿರಲಿಲ್ಲ. ಮನೆ ಪಾಲಾದಾಗ ಅದು ಚಿಕ್ಕಪ್ಪನ ಕಡೆಗೆ ಹೋಗಿತ್ತು, ಬೀಸುವ ಕಲ್ಲು ನಮಗೆ ಬಂದಿತ್ತು. ಎಲ್ಲರಿಗೂ ಕಾಣುವಂತೆ ಅದು ಆಚೆ ಗೋಡೆಯ ಮೇಲೇ ಇದ್ದರೂ ನಾವು ನೋಡಬಾರದು ಎಂದು ಅವ್ವ ಹೇಳಿದ್ದಳು. ಅಪ್ಪನ ಕೆಲಸದ ಹೊತ್ತಾಯಿತೇ ಎಂದು ತಿಳಿಯಬೇಕಾದರೆ ಬೀದಿಗೆ ಹೋಗಿ ಎದುರು ಮನೆಯವರನ್ನು ಕೇಳಿ ಬರಬೇಕು. ನಾನು ಮಾತ್ರ ಕತ್ತು ತಿರುಗಿಸದೆ ಕಣ್ಣಂಚಿನಲ್ಲೇ ಮುಳ್ಳು ನೋಡುವುದನ್ನು ಕಲಿತಿದ್ದೆ. ಪಡಸಾಲೆಯ ಎರಡು ತುದಿಗೆ ಎರಡು ಅಡಿಗೆಮನೆ, ಹಿಂದೆ ಹಿತ್ತಲು, ಹಿತ್ತಲಾಚೆ ಅಕ್ಕಿ ಮಿಲ್ಲಿನ ಗೋಡೆ. ಗಾಳಿ ಈ ಕಡೆ ತಿರುಗಿದರೆ ಸುಟ್ಟ ಹೊಟ್ಟಿನ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೂ ನೀರಿನ ಕೊಡದ ಮೇಲೂ ಕೂರುತ್ತಿತ್ತು. ಪಡಸಾಲೆಯ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಅದನ್ನು ಮಾಳಿಗೆಯವರೆಗೂ ಏರಿಸಬೇಕೆಂದೇ ಶುರು ಮಾಡಿದ್ದರು. ನಾಲ್ಕಾರು ವರಸೆ ಇಟ್ಟಿಗೆ ಏರುವ ಹೊತ್ತಿಗೆ ಗೋಡೆಯ ದಪ್ಪ ಯಾರ ಪಾಲಿನ ನೆಲದಲ್ಲಿ ಬರಬೇಕು ಎಂಬ ಮಾತು ಎದ್ದಿತು. ಗೌಂಡಿ ಎರಡು ದಿನ ಕಟ್ಟೆಯ ಮೇಲೆ ಕೂತು ಬೀಡಿ ಸೇದಿ, ಮೂರನೆಯ ದಿನ ಸಾಮಾನು ತೊಳೆದುಕೊಂಡು ಹೋದ. ಗೋಡೆ ಹಾಗೇ ಉಳಿಯಿತು. ಒಂದು ಹೆಜ್ಜೆ ಎತ್ತಿಟ್ಟರೆ ದಾಟಬಹುದಾದ ಗೋಡೆ. ಏಳು ವರ್ಷ ಯಾರೂ ದಾಟಿರಲಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರೂ ಹಿತ್ತಲಾಚೆಯ ಮಿಲ್ಲಿನಲ್ಲೇ ಕೆಲಸಕ್ಕಿದ್ದರು. ಅಪ್ಪ ಭತ್ತ ಬೇಯಿಸುವ ಕಡೆ, ಚಿಕ್ಕಪ್ಪ ಪಾಲಿಶ್ ಮಷೀನಿನ ಕಡೆ. ಒಮ್ಮೆ ಬುತ್ತಿ ಕೊಡಲು ಹೋದಾಗ ಅಣ್ಣ ತಮ್ಮ ಇಬ್ಬರೂ ಒಂದೇ ಕಾಗದದ ಮೇಲೆ ಉಗ್ಗಾಣಿ ಹರವಿಕೊಂಡು ತಿನ್ನುತ್ತಾ ನಗುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಮಿಲ್ಲಿನಲ್ಲಿ ಮಾತಾಡದಿದ್ದರೆ ಕೆಲಸ ಸಾಗುತ್ತಿರಲಿಲ್ಲ, ನಿಜ. ಆದರೆ ಅದು ಕೆಲಸದ ನಗುವಾಗಿರಲಿಲ್ಲ. ಅಪ್ಪ ಗೇಟಿನವರೆಗೂ ನನ್ನ ಹಿಂದೆ ಬಂದ.

“ನೋಡಿದ್ದು ಮನ್ಯಾಗ ಹೇಳಬ್ಯಾಡ. ನಿಮ್ಮವ್ವಗ ಬ್ಯಾಸರ ಆಗತೈತಿ.”

ಮನೆಯ ಹೊಸ್ತಿಲಿಗೆ ಬಂದರೆ ಇಬ್ಬರೂ ಬೇರೆ ಮನುಷ್ಯರು. ಒಬ್ಬ ಚಪ್ಪಲಿ ಬಿಡುವಾಗ ಇನ್ನೊಬ್ಬ ಬೀದಿಯಲ್ಲೇ ನಿಂತು ಕಾಯುತ್ತಿದ್ದ.

ಮಾತು ಬಿಟ್ಟದ್ದು ರತ್ನಳನ್ನು ತೊಟ್ಟಿಲಿಗೆ ಹಾಕಿದ ದಿನ. ಅವ್ವನ ತವರು ಕುರುಗೋಡು. ಅಲ್ಲಿಂದ ಅಜ್ಜಿ, ಇಬ್ಬರು ಸೋದರಮಾವಂದಿರು ಬಸ್ಸಿಗೆ ಬಂದಿದ್ದರು. ಅವರು ಬರುವ ಹೊತ್ತಿಗೆ ಮೊದಲ ಪಂಕ್ತಿ ಕೂತಾಗಿತ್ತು. ಚಿಕ್ಕಮ್ಮನ ಕಡೆಯವರು ಆದೋನಿಯಿಂದ ಒಂದು ಲಾರಿ ತುಂಬ ಬಂದು ಸಾಲಾಗಿ ಕೂತಿದ್ದರು. ನಮ್ಮವರಿಗೆ ಯಾರೂ ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ಬಾಗಿಲಲ್ಲಿ ನಿಂತು ನಿಂತು, ಬಾಣಂತಿಗೆಂದು ಕೈಯಲ್ಲಿ ತಂದ ಕುಬಸದ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಊಟ ಮಾಡದೆ ಮರಳಿ ಬಸ್ಸು ಹತ್ತಿದರು. ಚಿಕ್ಕಮ್ಮ ನೋಡಿದಳು, ನೋಡಿಯೂ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು ಎನ್ನುವುದು ಅವ್ವನ ಮಾತು. ತಾನು ಬಾಣಂತಿ, ಕೈಯಲ್ಲಿ ಕೂಸು, ಪಂಕ್ತಿ ನೋಡುವುದು ತನ್ನ ಕೆಲಸವೇ ಎನ್ನುವುದು ಚಿಕ್ಕಮ್ಮನದು. ಎರಡನ್ನೂ ನಾನು ನೂರಾರು ಸಲ ಕೇಳಿದ್ದೇನೆ, ಒಂದನ್ನು ನೇರವಾಗಿ, ಇನ್ನೊಂದನ್ನು ಗಿಡ್ಡ ಗೋಡೆಯ ಆಚೆಯಿಂದ. ಯಾವುದು ನಿಜವೋ ಇವತ್ತಿಗೂ ತಿಳಿಯದು. ಚಿಕ್ಕಮ್ಮ ಅವತ್ತು ನಿಜವಾಗಿ ನೋಡಿರದಿದ್ದರೆ ನಮ್ಮ ಏಳು ವರ್ಷ ಯಾವುದರ ಮೇಲೆ ನಿಂತಿತ್ತು ಎಂದು ಯೋಚಿಸಿದರೆ ಎದ್ದು ಓಡಾಡಬೇಕು ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಈ ಒಂದು ಕ್ರಿಯೆಗೆ ಹಲವು ಮಾತುಗಳಿದ್ದವು. ಅವ್ವ ‘ಲಕ್ಷ್ಯ ಕೊಡಬ್ಯಾಡ’ ಎನ್ನುತ್ತಿದ್ದಳು. ಅಪ್ಪ ‘ಬಿಡು ಅತ್ಲಾಗ’ ಎಂದು ಕೈ ಬೀಸುತ್ತಿದ್ದ. ಚಿಕ್ಕಮ್ಮ ತನ್ನ ಊರಿನ ತೆಲುಗಿನಲ್ಲಿ ರತ್ನಳಿಗೆ ‘ಪಟ್ಟಿಂಚುಕೋಕು’ ಎನ್ನುವುದು, ಅಂದರೆ ತಲೆಗೆ ಹಚ್ಚಿಕೊಳ್ಳಬೇಡ ಎನ್ನುವುದು, ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಶಾಲೆಯ ಪುಸ್ತಕದಲ್ಲಿ ಅದೇ ‘ಕಡೆಗಣಿಸು’ ಆಗಿತ್ತು. ನಾಲ್ಕೂ ಒಂದೇ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊರಗಿನವರು ಅದನ್ನು ಏನೂ ಮಾಡದೆ ಇರುವುದು ಎಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದು ಬೆಳಗಿನಿಂದ ಮಲಗುವವರೆಗೂ ಮಾಡುವ ಕೆಲಸವಾಗಿತ್ತು. ಮರೆಯುವುದು ಬೇರೆ, ಕಾಣದಿರುವುದು ಬೇರೆ. ಕಡೆಗಣಿಸಬೇಕಾದರೆ ಮೊದಲು ಚೆನ್ನಾಗಿ ನೋಡಬೇಕು. ಆಚೆ ಕಡೆ ಇವತ್ತು ಪುಂಡಿಪಲ್ಯವೋ ಬೇಳೆಯೋ, ಚಿಕ್ಕಮ್ಮನ ಸೀರೆ ಹೊಸದೋ ಹಳೆಯದೋ, ರತ್ನಳ ಕೆಮ್ಮು ಇಳಿಯಿತೋ ಏರಿತೋ, ಅವ್ವನಿಗೆ ಎಲ್ಲ ಗೊತ್ತಿರುತ್ತಿತ್ತು. ಗೊತ್ತಿರುವುದು ಮುಖದ ಮೇಲೆ ಬಾರದಂತೆ ಇರಬೇಕು, ಅಷ್ಟೇ. ಇದನ್ನು ನಾನು ಮಗ್ಗಿಗಿಂತ ಮೊದಲೇ ಕಲಿತೆ.

ಕಲಿತದ್ದು ಒಂದೇ ಒಂದು ಸಲ ತಪ್ಪಿತು. ಮಣ್ಣು ಬೀಳುವ ಒಂದು ವಾರದ ಹಿಂದೆ. ಚಿಕ್ಕಮ್ಮ ಹಿತ್ತಲಿನಲ್ಲಿದ್ದಳು, ಅವರ ಒಲೆಯ ಮೇಲೆ ಹಾಲು ಏರಿ ಬರುತ್ತಿತ್ತು. ಬಾಯಿ ತಡೆಯಲಾರದೆ ‘ಚಿಕ್ಕಮ್ಮ, ಹಾಲು’ ಎಂದುಬಿಟ್ಟೆ. ಅವಳು ಓಡಿ ಬಂದು ಪಾತ್ರೆ ಇಳಿಸಿದಳು. ಇಳಿಸಿ, ನಮ್ಮ ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಯಾರಿಗೋ ಎಂಬಂತೆ ಹೇಳಿದಳು.

“ನಮ್ಮ ಒಲಿ ಮ್ಯಾಲೆ ಏನೈತಿ ಅಂತ ನೋಡಾಕ ಕಾವಲು ಕುಂದ್ರಿಸ್ಯಾರೇನು?”

ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬೆನ್ನಿಗೆ ಎರಡು ಬಿಟ್ಟಳು.

“ಆಕಿ ಹಾಲು ಉಕ್ಕಿದ್ರ ನಿನಗ್ಯಾಕ ಬೇಕಾಗಿತ್ತು? ಇನ್ನೊಮ್ಮೆ ಆ ಕಡಿ ಲಕ್ಷ್ಯ ಕೊಟ್ಟೀ ಅಂದ್ರ ನೋಡು ಮತ್ತ.”

ಮಾಳಿಗೆಯ ಮಾತು ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳದೆತ್ತರ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಲದ ಬದುವಿನಿಂದ ಬೂದು ಬಣ್ಣದ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹರವಿ ತುಳಿಯಬೇಕು. ಆ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ಅಜ್ಜ ಇದ್ದ ಕಾಲದಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಒಂದೇ ದಿನದಲ್ಲಿ ಮುಗಿಸುತ್ತಿದ್ದರಂತೆ. ಪಾಲಾದ ಮೇಲೆ ಅಪ್ಪ ತನ್ನ ಅರ್ಧಕ್ಕೆ ಒಂದು ದಿನ ಹಾಕಿದರೆ, ಚಿಕ್ಕಪ್ಪ ತನ್ನ ಅರ್ಧಕ್ಕೆ ಇನ್ನೊಂದು ದಿನ ಹಾಕುತ್ತಿದ್ದ. ಇಬ್ಬರೂ ಕೆಲಸದಲ್ಲಿ ಅಚ್ಚುಕಟ್ಟು. ಇಬ್ಬರೂ ನಡುಗೋಡೆಯ ನೇರಕ್ಕೆ ಬಂದಾಗ ಒಂದು ಮೊಳ ಹಿಂದೆಯೇ ನಿಲ್ಲಿಸುತ್ತಿದ್ದರು. ದಾಟಿದರೆ ನನ್ನ ಪಾಲಿನ ಮೇಲೆ ಯಾಕೆ ಕೈ ಹಾಕಿದೆ ಎಂಬ ಮಾತು ಬಂದೀತು ಎಂದು. ಹೀಗೆ ಮನೆಯ ನಟ್ಟನಡುವೆ, ಈ ತುದಿಯಿಂದ ಆ ತುದಿಯವರೆಗೆ, ಎರಡು ಮೊಳ ಅಗಲದ ಒಂದು ಪಟ್ಟಿ ಏಳು ಮಳೆಗಾಲ ಬರಿದಾಗಿ ಉಳಿಯಿತು. ನಾನು ಮಾಳಿಗೆಯ ಮೇಲೆ ಶೇಂಗಾ ಒಣಹಾಕಲು ಹೋದಾಗೆಲ್ಲ ಅದನ್ನು ನೋಡಿದ್ದೆ. ಎರಡು ಕಡೆ ನುಣ್ಣಗಿನ ಬೂದು, ನಡುವೆ ಕೆಂಪಗೆ ಬಾಯಿಬಿಟ್ಟ ಬಿರುಕು, ಬಿರುಕಿನಲ್ಲಿ ಹುಲ್ಲು. ಆ ಪಟ್ಟಿಯ ಕೆಳಗೇ ನಡುತೊಲೆ ಹಾದುಹೋಗಿತ್ತು. ಎರಡೂ ಮನೆಗಳನ್ನು ಹೊತ್ತಿದ್ದುದು ಅದೊಂದೇ.

ಆ ಸಂಜೆ ಮನೆಗೆಲಸಕ್ಕೆ ಐದು ಕ್ರಿಯಾಪದ ಕೊಟ್ಟಿದ್ದರು. ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಬೇಕು. ನಾಲ್ಕು ಮುಗಿಸಿದ್ದೆ. ಐದನೆಯದು ಕಡೆಗಣಿಸು. ಅರ್ಥ, ಲಕ್ಷ್ಯ ಕೊಡದಿರು. ವಾಕ್ಯ ಹೊಳೆಯದೆ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಾಗ ಮೊದಲ ಹಿಡಿ ಮಣ್ಣು ಬಿತ್ತು. ಎರಡನೆಯದು ಹತ್ತು ನಿಮಿಷಕ್ಕೆ, ಅದರ ಜೊತೆ ಒಂದು ಹರಳು. ರತ್ನ ಈ ಕಡೆಗೆ ಮಗ್ಗುಲಾಗಿ ಕೌದಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ. ಹಾಲಿನ ದಿನದ ಪೆಟ್ಟನ್ನು ನನ್ನ ಬೆನ್ನು ಇನ್ನೂ ನೆನಪಿಟ್ಟುಕೊಂಡಿತ್ತು. ಆದರೂ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅವ್ವಾ, ತೊಲಿ ಕಡಿಂದ ಮಣ್ಣು ಬೀಳಾಕತ್ತೈತಿ.”

“ನಮ್ಮ ಕಡಿಗೇನು?”

“ಅಲ್ಲ, ಅವರ ಕಡಿಗೆ. ರತ್ನಿ ಅಲ್ಲೇ ಮಲಗ್ಯಾಳ.”

ಅವ್ವನ ಕೈ ನಿಂತಿತು. ನಿಂತದ್ದನ್ನು ನಾನು ನೋಡಿದೆ. ಹಿಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಒಂದು ಉಸಿರಿನಷ್ಟು ಹೊತ್ತು ಒಲೆಯನ್ನೇ ನೋಡಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು.

“ಆಕಿಗೆ ತಾಯಿ ಅದಾಳ. ನೀ ಲಕ್ಷ್ಯ ಕೊಡಬ್ಯಾಡ, ಬರಿ ಹೋಗು.”

ನಾನು ಹೋಗಿ ಬರೆಯಲು ಕೂತೆ. ಬರೆಯಲಿಲ್ಲ, ಕೂತೆ. ಐದಕ್ಕೆ ಚಿಕ್ಕಮ್ಮ ತನ್ನ ಅಡಿಗೆಮನೆಯಿಂದ ಬಂದಳು. ಬಂದು ಮೇಲೆ ನೋಡಿದಳು, ಸೋರುವ ನೀರಿಗೆ ಇಟ್ಟಿದ್ದ ಬೋಗುಣಿಯನ್ನು ಕಾಲಿನಿಂದ ಒಂದಿಷ್ಟು ಸರಿಸಿದಳು, ರತ್ನಳ ಹಣೆ ಮುಟ್ಟಿದಳು, ನಾನು ಇರುವ ಕಡೆಗೆ ನೋಡದೆ ಒಳಗೆ ಹೋದಳು. ಅವಳೇ ನೋಡಿದಳಲ್ಲ, ಇನ್ನು ನನ್ನದೇನಿದೆ ಎಂದು ಒಂದು ಕ್ಷಣ ಹಗುರಾಯಿತು. ಆ ಹಗುರವನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಐದು ಐದಕ್ಕೆ ಮಣ್ಣು ನಿಲ್ಲದೆ ಸುರಿಯತೊಡಗಿತು, ಸಣ್ಣ ಧಾರೆಯಾಗಿ. ಐದು ಹತ್ತಕ್ಕೆ ಮೇಲೆ ಏನೋ ಹಸಿ ಕಟ್ಟಿಗೆ ಸೀಳಿದ ಹಾಗೆ ಸದ್ದಾಯಿತು. ಗೋಡೆ ದಾಟಿದ್ದು ನನಗೆ ನೆನಪಿಲ್ಲ. ರತ್ನಳ ಕಂಕುಳಲ್ಲಿ ನನ್ನ ಎರಡೂ ಕೈ ಇದ್ದದ್ದು, ಅವಳ ಮೈ ಕಾದ ಹಂಚಿನ ಹಾಗೆ ಸುಡುತ್ತಿದ್ದದ್ದು ನೆನಪಿದೆ. ಎಳೆದೆ. ಚಾಪೆ ಜೊತೆಗೇ ಜಾರಿ ಬಂತು. ಮಾಳಿಗೆ ಬಂತು. ಅಷ್ಟು ಮಳೆಯಲ್ಲೂ ಪಟ್ಟಿಯ ಆಚೀಚೆಯ ಮಣ್ಣು ಒಳಗೆ ಒಣಗಿಯೇ ಇತ್ತು, ಧೂಳು ಬಾಯಿ ಮೂಗು ತುಂಬಿತು. ಕಣ್ಣು ಬಿಟ್ಟಾಗ ಅವಳ ತಲೆ ನನ್ನ ಮಡಿಲಲ್ಲಿತ್ತು. ಎಡಗಾಲು ಮುರಿದ ತೊಲೆಯ ಅಡಿಯಲ್ಲಿತ್ತು.

ಹಿತ್ತಲಿನ ಗೋಡೆ ಹಾರಿ ಅಪ್ಪ, ಚಿಕ್ಕಪ್ಪ, ಮಿಲ್ಲಿನ ಹಮಾಲರು ಬರುವವರೆಗೆ ಅವ್ವ ಮತ್ತು ಚಿಕ್ಕಮ್ಮ ಎದುರುಬದುರು ಮೊಣಕಾಲೂರಿ ಕೈಯಿಂದಲೇ ಮಣ್ಣು ಬಗೆಯುತ್ತಿದ್ದರು. ಒಂದು ಮಾತಿಲ್ಲ. ಅವರು ಆಗಲೂ ಮಾತಾಡದೆ ಇರುತ್ತಾರೆ ಎಂದು ನನಗೆ ಭಯವಾಯಿತು, ತೊಲೆಗಿಂತ ಹೆಚ್ಚು. ಕೊನೆಗೆ ಅವ್ವನೇ ಬಾಯಿ ಬಿಟ್ಟಳು.

“ಸರೋಜಾ, ಈ ತುದಿ ಹಿಡಿ.”

ಏಳು ವರ್ಷದ ಮೊದಲ ಮಾತು ಅದು. ಚಿಕ್ಕಮ್ಮ ಹಿಡಿದಳು.

ರತ್ನಳನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದರು. ಎರಡು ಬೆರಳು ಹೋದವು, ಪಾದದ ಕೀಲು ಸೊಟ್ಟಗೆ ಕೂಡಿಕೊಂಡಿತು. ಮನೆ ಇಲ್ಲದ ನಾವೆಲ್ಲರೂ ಅವ್ವನ ತವರಿಗೆ ಹೋದೆವು. ಕುರುಗೋಡು ಕಲ್ಲಿನ ಊರು. ಅಜ್ಜಿಯ ಮನೆಗೆ ಗೋಡೆಯೂ ಕಲ್ಲು, ಮೇಲೂ ಕಲ್ಲಿನ ಚಪ್ಪಡಿ. ರತ್ನಳನ್ನು ಆಸ್ಪತ್ರೆಯಿಂದ ಕರೆತಂದ ದಿನ ಅಜ್ಜಿ ಗೋಧಿ ಹುಗ್ಗಿ ಮಾಡಿಸಿ, ಊಟಕ್ಕೆ ಎಲೆ ಹಾಕಿಸಿ, ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತಾ ನಿಂತಿದ್ದ ಚಿಕ್ಕಮ್ಮನನ್ನು ಕರೆದಳು.

“ಬಾರವ್ವ, ಕುಂದ್ರು. ನಮ್ಮ ಮನ್ಯಾಗ ಎರಡನೇ ಪಂಕ್ತಿ ಇರಂಗಿಲ್ಲ.”

ಮಾವಂದಿರು ನಗು ತಡೆಯಲು ಮೀಸೆ ತಿರುವಿದರು. ಚಿಕ್ಕಮ್ಮ ಕೂತಳು, ತಲೆ ಎತ್ತದೆ ಉಂಡಳು, ಅವಳ ಕಣ್ಣೀರು ಹುಗ್ಗಿಗೆ ಬೀಳುವುದನ್ನು ಅವ್ವ ಬಡಿಸುತ್ತಾ ಬಡಿಸುತ್ತಾ ನೋಡಿದಳು, ಇನ್ನೊಂದು ಚಮಚ ತುಪ್ಪ ಹಾಕಿದಳು.

ಆ ಮನೆಯಲ್ಲಿ ನಾನು ದೊಡ್ಡ ಹೆಸರಿನವಳಾಗಿಬಿಟ್ಟೆ. ಬಂದವರಿಗೆಲ್ಲ ನನ್ನನ್ನು ಕರೆದು ತೋರಿಸುತ್ತಿದ್ದರು. ಈ ಹುಡುಗಿಯ ಲಕ್ಷ್ಯ ಒಂದಿತ್ತು, ಅದಕ್ಕೇ ಕೂಸು ಉಳಿಯಿತು ಎನ್ನುತ್ತಿದ್ದರು. ಚಿಕ್ಕಪ್ಪ ನನಗೆ ಬಳ್ಳಾರಿಯಿಂದ ಹಸಿರು ಲಂಗ ತಂದುಕೊಟ್ಟ. ತೊಟ್ಟುಕೊಂಡೆ. ಗಡಿಯಾರದ ಮಾತು ಬಾಯಿವರೆಗೆ ಬಂದು ನಿಲ್ಲುತ್ತಿತ್ತು. ದೊಡ್ಡವರು ಊಟವಾದ ಮೇಲೆ ಮಾತಾಡುತ್ತಾ ಕೂತಾಗ ಒಂದೊಂದೇ ಹೊರಬಿತ್ತು. ತೊಲೆ ಕಪ್ಪಗಾಗಿದ್ದನ್ನು ಅಪ್ಪ ಯುಗಾದಿಗೇ ನೋಡಿದ್ದ. ಚಿಕ್ಕಪ್ಪ ಏಣಿ ಹಾಕಿ ಹತ್ತಿ ಬೆರಳಿನಿಂದ ಒತ್ತಿಯೂ ನೋಡಿದ್ದ, ಮೆತ್ತಗಿತ್ತಂತೆ. ಅವ್ವ ಎರಡು ದಿನ ಮೊದಲೇ ಮಣ್ಣು ಉದುರಿದ್ದು ಕಂಡು ಗುಡಿಸಿ ಹಾಕಿದ್ದಳು, ನಮ್ಮ ಕಡೆಗೆ ಬಿದ್ದಷ್ಟನ್ನು. ಯಾರೂ ಯಾರನ್ನೂ ಬೈಯಲಿಲ್ಲ. ಹವಾಮಾನದ ಮಾತಾಡಿದ ಹಾಗೆ ಆಡಿ ಎದ್ದು ಕೈ ತೊಳೆದರು. ಎಲ್ಲರೂ ನೋಡಿದ್ದರು. ನೋಡಿರದವರು ಒಬ್ಬರಾದರೂ ಇದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವತ್ತಿನಿಂದ ನಾನು ಮಲಗುವ ಜಾಗದಲ್ಲಿ ಮೇಲೆ ನೋಡದೆ ಮಲಗಿಲ್ಲ. ಚಪ್ಪಡಿ ಕಲ್ಲಿನಿಂದ ಏನೂ ಉದುರುವುದಿಲ್ಲ ಎಂದು ಅಜ್ಜಿ ಎಷ್ಟು ಹೇಳಿದರೂ ರಾತ್ರಿಯಲ್ಲಿ ನಾಲ್ಕೈದು ಸಲ ಏಳುತ್ತಿದ್ದೆ, ಮಳೆ ಬಂದರೆ ಮಲಗುತ್ತಲೇ ಇರಲಿಲ್ಲ.

ಆಮೇಲೆ ಮನೆಗಳು ಎರಡಾದವು. ಅಪ್ಪ ಅದೇ ಜಾಗದಲ್ಲಿ ಚಿಕ್ಕದೊಂದು ಕಟ್ಟಿಸಿದ, ಚಿಕ್ಕಪ್ಪ ಹಚ್ಚೊಳ್ಳಿಗೆ ಹೋದ. ಮಾತು ಬಂತು, ಹಬ್ಬಕ್ಕೆ ಹೋಗಿಬರುವುದು ಬಂತು, ಅವ್ವ ಚಿಕ್ಕಮ್ಮ ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚುವಷ್ಟು ಬಂತು. ನೋಡಿದವರು ಈ ಮನೆಯಲ್ಲಿ ಜಗಳವಿತ್ತೇ ಎನ್ನಬೇಕು. ಆದರೆ ಯಾರೂ ಹೇಳದೆ ಒಂದು ಹೊಸ ನಿಯಮ ಬಂದು ಕೂತಿತು. ರತ್ನ ಬಂದರೆ ಎಲ್ಲರೂ ಅವಳ ಮುಖ ನೋಡಿ ಮಾತಾಡಬೇಕು. ಅವಳು ನಡೆದು ಹೋಗುವಾಗ ಬೇರೆ ಕಡೆ ನೋಡಬೇಕು. ಕುರ್ಚಿ ತಂದಿಡಬೇಕು, ಯಾಕೆ ತಂದೆ ಎಂದು ಹೇಳಬಾರದು. ಮದುವೆಗೆ ಗಂಡು ನೋಡುವಾಗ ಅವಳನ್ನು ಮೊದಲೇ ಕೂರಿಸಿರುತ್ತಿದ್ದರು. ಆಕೆಗೆ ಬೇಸರವಾಗುತ್ತದೆ ಎನ್ನುವುದೇ ಎಲ್ಲಕ್ಕೂ ಕಾರಣ. ಇದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು. ಪ್ರೀತಿಯೂ ಹೌದು.

ನಾನು ಬಳ್ಳಾರಿಗೆ ಬಂದು ಬಿ.ಎ. ಮುಗಿಸಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ. ಲಗ್ನಪತ್ರಿಕೆ, ಪಠ್ಯದ ಗೈಡು, ಸಂಘದ ವರದಿ, ಯಾವುದಾದರೂ ಸರಿ, ತಪ್ಪು ನನ್ನ ಕಣ್ಣು ತಪ್ಪಿಸುವುದಿಲ್ಲ ಎಂದು ಮಾಲೀಕರು ಹೊಗಳುತ್ತಾರೆ. ಹೊಗಳಿಕೆಗೆ ಕಾರಣ ಏನೆಂದು ಅವರಿಗೆ ತಿಳಿಯದು. ನಾನು ಅಕ್ಷರ ಓದುವುದಿಲ್ಲ, ಏನು ಉದುರುತ್ತಿದೆ ಎಂದು ಕಾಯುತ್ತೇನೆ. ಬಸ್ಸಿನಲ್ಲಿ ನಟ್ಟು ಅಲುಗಾಡಿದರೆ ಕಂಡಕ್ಟರನಿಗೆ ಹೇಳುತ್ತೇನೆ. ಬೀದಿಯಲ್ಲಿ ಅಪರಿಚಿತರ ಸ್ಟ್ಯಾಂಡು ತೆಗೆಯದ ಗಾಡಿಯ ಹಿಂದೆ ಕೂಗುತ್ತಾ ಓಡಿದ್ದೇನೆ. ಮದುವೆಯೂ ಆಯಿತು. ಮನೆಯವರು ಒಳ್ಳೆಯ ಮನುಷ್ಯ, ರಾತ್ರಿ ನಾನು ಎದ್ದು ದೀಪ ಹಾಕಿ ಮೇಲೆ ನೋಡುತ್ತಿದ್ದರೆ ಮಗ್ಗುಲು ಬದಲಿಸಿ ಸುಮ್ಮನಿರುತ್ತಾರೆ. ಅದೂ ನನಗೆ ಸಹಿಸಲಾಗುವುದಿಲ್ಲ. ಹೋದ ಮಳೆಗಾಲ ಕೋಟೆ ಗುಡ್ಡದ ಕೆಳಗಿನ ನಮ್ಮ ಬಾಡಿಗೆ ಮನೆಯ ಮೇಲ್ಛಾವಣಿಯಿಂದ ಒಂದು ರೂಪಾಯಿ ಅಗಲದ ಗಾರೆಯ ಚಕ್ಕೆ ಬಿತ್ತು. ಬಿದ್ದದ್ದು ಹಗಲು, ನೀರಿನ ಕೊಡದ ಪಕ್ಕ. ಗಾರೆಯವನನ್ನು ಕರೆಸಿ ಅವತ್ತೇ ಮೆತ್ತಿಸಿದೆವು. ಆದರೆ ಅಲ್ಲಿಂದ ಎರಡು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಾನು ತಿದ್ದಿದ ಲಗ್ನಪತ್ರಿಕೆಯಲ್ಲಿ ಮೊದಲ ಬಾರಿಗೆ ಮದುಮಗಳ ಹೆಸರೇ ತಪ್ಪಿ ಅಚ್ಚಾಯಿತು.

ರತ್ನ ಈಗ ಬಳ್ಳಾರಿಯಲ್ಲೇ ಇದ್ದಾಳೆ, ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ಜನರ ಮೇಲೆ ಮೇಸ್ತ್ರಿ. ರವಿವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ಊಟ ಮಾಡಿ, ತನ್ನ ಕೈಕೆಳಗಿನವರನ್ನು ಅಣಕಿಸಿ ನಗಿಸಿ ಹೋಗುವುದು ರೂಢಿ. ಅಂಥ ಒಂದು ರವಿವಾರ, ತಟ್ಟೆ ಎತ್ತುತ್ತಿದ್ದ ನಾನು ನಿಲ್ಲಿಸಿ, ಅವತ್ತು ನಾಲ್ಕು ನಲವತ್ತಕ್ಕೇ ಮಣ್ಣು ಬಿದ್ದದ್ದು ನೋಡಿದ್ದೆ ಎಂದು ಹೇಳಿಬಿಟ್ಟೆ. ಅವ್ವನಿಗೆ ಹೇಳಿದ್ದು, ಚಿಕ್ಕಮ್ಮ ನೋಡಿ ಹೋದಾಗ ಹಗುರಾದದ್ದು, ಎಲ್ಲ. ಅವಳು ಕೈ ತೊಳೆದಳು, ಚೀಲ ತೆಗೆದುಕೊಂಡಳು, ಹೋದಳು. ಮೂರು ರವಿವಾರ ಬರಲಿಲ್ಲ. ಫೋನು ಎತ್ತಲಿಲ್ಲ. ಅವಳು ಹೋದರೆ ನನ್ನ ಹಳೆಯ ಮನೆಯಲ್ಲಿ ಉಳಿದದ್ದೆಲ್ಲ ಹೋದ ಹಾಗೆ ಎಂದು ನನಗೆ ಆ ಮೂರು ವಾರದಲ್ಲಿ ಗೊತ್ತಾಯಿತು. ನಾಲ್ಕನೆಯ ರವಿವಾರ ಬಂದವಳು ಒಳಗೆ ಬಂದು ಮಂಚದ ಮೇಲೆ ಕೂತಳು.

“ಅಕ್ಕ, ನನಗ ಗೊತ್ತಿತ್ತು.”

“ಏನು?”

“ನೀ ನೋಡಿದ್ದು. ನಾ ನಿದ್ದಿ ಮಾಡಿರ್ಲಿಲ್ಲ. ಮಣ್ಣು ಬಿತ್ತು, ನೀ ಮ್ಯಾಲೆ ನೋಡಿದಿ, ಆಮ್ಯಾಲೆ ಪುಸ್ತಕ ನೋಡಿದಿ. ಕೌದಿ ಒಳಗಿಂದ ನಾ ನಿನ್ನಾ ನೋಡ್ತಿದ್ದೆ.”

“ಕರೀಬೇಕಿತ್ತಲ್ಲಲೇ.”

“ನಿಮ್ಮ ಕಡಿ ಮಾತಾಡಿದ್ರ ಅಮ್ಮ ಬಾಯಿ ಮ್ಯಾಲೆ ಹೊಡೀತಿದ್ಲು. ನೀ ಬರ್ತಿ ಅಂತ ಕಾದೆ. ಬಂದಿ.”

“ಅರ್ಧ ತಾಸು ಆದ ಮ್ಯಾಲೆ.”

“ಹೂಂ. ಅರ್ಧ ತಾಸು ಆದ ಮ್ಯಾಲೆ.”

ಅವಳು ಅದನ್ನು ಕಡಿಮೆ ಮಾಡಲಿಲ್ಲ. ಮಾಡುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಬಗ್ಗಿ ಕಾಲುಚೀಲ ಕಳಚತೊಡಗಿದಳು.

“ಅದಕ್ಕ ಸಿಟ್ಟಿಲ್ಲ ನನಗ. ನಾವಿಬ್ರೂ ಕೂಸುಗಳು. ನನಗ ಸಿಟ್ಟು ಬಂದಿದ್ದು ಯಾತಕ್ಕ ಗೊತ್ತೇನು? ಅವತ್ತಿಂದ ಇವತ್ತಿನ ತನಕ ನೀನು, ದೊಡ್ಡಮ್ಮ, ನಮ್ಮಮ್ಮ, ಒಬ್ಬರರ ನನ್ನ ಕಾಲು ನೋಡೀರೇನು? ಮಾರಿ ನೋಡ್ತೀರಿ, ಗ್ವಾಡಿ ನೋಡ್ತೀರಿ. ಮೂವತ್ತು ವರ್ಷಾತು, ನೋಯ್ತೈತೇನು ಅಂತ ಒಬ್ಬರೂ ಕೇಳಿಲ್ಲ.”

ಅವಳು ಪಾದ ಎತ್ತಿ ನನ್ನ ಮಡಿಲ ಮೇಲೆ ಇಟ್ಟಳು.

“ನೋಡು.”

ನೋಡಿದೆ. ಎರಡು ಬೆರಳು ಇರಬೇಕಾದಲ್ಲಿ ಚರ್ಮ ಒಳಕ್ಕೆ ಮಡಚಿಕೊಂಡು, ಹೊಲಿದ ಕಡೆ ಬೆಳ್ಳಗಿನ ಗೆರೆ ಉಳಿದಿತ್ತು. ಕೀಲು ಹೊರಕ್ಕೆ ಉಬ್ಬಿತ್ತು. ಹಿಮ್ಮಡಿಯ ಒಂದೇ ಬದಿ ಸವೆದು ಕಲ್ಲಿನಂತೆ ಗಟ್ಟಿಯಾಗಿತ್ತು, ಇನ್ನೊಂದು ಬದಿ ಮಗುವಿನದರಂತೆ ಮೆತ್ತಗಿತ್ತು, ಅದು ನೆಲಕ್ಕೆ ತಾಗುವುದೇ ಇಲ್ಲ. ನಾನು ಅಂಗೈಯಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು.

“ಎಷ್ಟು ಬೆರಳದಾವ?”

“ಮೂರು.”

“ಎಣಿಸಾಕ ಬರ್ತೈತಲ್ಲ, ಶಾಣ್ಯಾಕಿ.”

ನೋಯುತ್ತದೆಯೇ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ಯಾರದೋ ಎನ್ನುವಂತಿತ್ತು. ಅವಳು ಹೇಳಿದಳು. ಚಳಿಗಾಲದ ಬೆಳಗ್ಗೆ ಇಲ್ಲದ ಬೆರಳೇ ನೋಯುತ್ತದಂತೆ. ಬಸ್ಸಿನ ಮೆಟ್ಟಿಲು ಎತ್ತರವಿದ್ದರೆ ಬಲಗಾಲು ಮೊದಲು ಇಡಲು ಹಿಂದಿನವರು ಬಿಡುವುದಿಲ್ಲವಂತೆ. ಎಡಗಾಲಿನ ಬೂಟಿಗೆ ಹತ್ತಿ ತುರುಕುವುದು, ಕಾರ್ಖಾನೆಯಲ್ಲಿ ಕೆಲಸ ಬಿಡುವ ಹೊತ್ತಿಗೆ ಅದು ಗಂಟುಗಂಟಾಗುವುದು. ಹೆಣ್ಣು ನೋಡಲು ಬಂದವನೊಬ್ಬ ನಡೆದು ತೋರಿಸು ಎಂದಾಗ ಅವಳಿಗೆ ಸಿಟ್ಟಿಗಿಂತ ಮೊದಲು ಸಂತೋಷವೇ ಆಗಿತ್ತಂತೆ, ಒಬ್ಬನಾದರೂ ಕೇಳಿದನಲ್ಲ ಎಂದು. ಆಮೇಲೆ ಬೇಡವೆಂದು ಕಳಿಸಿದಳಂತೆ, ಅವನ ಮೂಗು ಸೊಟ್ಟಗಿತ್ತು ಎಂದು. ನಾನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ಹಚ್ಚುತ್ತಾ ಕೇಳಿದೆ. ಮೊದಮೊದಲು ಬೆರಳಿಲ್ಲದ ಜಾಗ ಬಂದಾಗ ನನ್ನ ಕೈ ತಾನಾಗಿಯೇ ದಾಟಿ ಮುಂದೆ ಹೋಗುತ್ತಿತ್ತು. ಅವಳು ಸುಮ್ಮನೆ ಪಾದವನ್ನು ಸ್ವಲ್ಪ ತಿರುಗಿಸಿ ಆ ಜಾಗವನ್ನೇ ಮುಂದೆ ಮಾಡುತ್ತಿದ್ದಳು. ನಾಲ್ಕೈದು ಸಲ ಹಾಗೆ ಮಾಡಿದ ಮೇಲೆ ಕೈ ಅಲ್ಲಿ ನಿಂತಿತು.

ಸಂಜೆಯಾಯಿತು, ಅವಳು ಹೋಗಲಿಲ್ಲ. ಮನೆಯವರು ಮಂಡಕ್ಕಿ, ಮಿರ್ಚಿ ತಂದರು. ಮಂಚದ ಮೇಲೆ ಎಣ್ಣೆ ಸವರಿದ ಕಾಲು ಚಾಚಿ ಕೂತಿದ್ದವಳನ್ನು ನೋಡಿ, ಅಭ್ಯಾಸದಂತೆ ಗೋಡೆಯ ಕಡೆ ತಿರುಗಿ, ಆಮೇಲೆ ಏನನ್ನಿಸಿತೋ, ಈಚೆಗೆ ತಿರುಗಿ, ನೋವು ಬಹಳ ಇದೆಯೇನಮ್ಮ ಎಂದು ಕೇಳಿದರು. ಇದೆ ಎಂದಳು ರತ್ನ. ತಿಂದು ಮುಗಿಸಿ ಅಲ್ಲೇ ಮಲಗಿದಳು, ನಾನು ಅವಳ ಪಕ್ಕದಲ್ಲಿ ಹಾಸಿಕೊಂಡೆ.

ಎಚ್ಚರವಾದಾಗ ಬೆಳಗಾಗಿತ್ತು. ಹಾಲಿನವನು ಪಾಕೀಟು ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ, ಬೀದಿಯಲ್ಲಿ ಶಾಲೆಯ ಮಕ್ಕಳ ಗಲಾಟೆ. ರತ್ನ ಇನ್ನೂ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಬಾಗಿಲು ತೆಗೆದರೆ ಅಂಗಳವೆಲ್ಲ ಒದ್ದೆ, ಮೋರಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ರಾತ್ರಿ ಜೋರು ಮಳೆ ಬಂದಿತ್ತಂತೆ. ನಮ್ಮಿಬ್ಬರಿಗೂ ಗೊತ್ತೇ ಆಗಿರಲಿಲ್ಲ.